ಹಗೇವು ಮುಚ್ಚಿದ ಮೇಲೆ

ಬೇಲೂರಿನಿಂದ ಅರಸೀಕೆರೆ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಬೇಲೂರು ತಾಲ್ಲೂಕಿನ ಪಡುವಣ ಅಂಚಿನ ಅರೇಹಳ್ಳಿ, ಬಿಕ್ಕೋಡು ಕಾಫಿ, ಮೆಣಸು, ಗದ್ದೆಯ ಸೀಮೆ. ಬೇಲೂರು ದಾಟಿ 16 ಕಿ.ಮೀ. ಮೂಡಲಿಗಿರುವ ಹಳೇಬೀಡು ಸೇರುವ ಹೊತ್ತಿಗೆ ಮಲೆನಾಡು ಹಿಂದೆ ಉಳಿದು ಆಲೂಗಡ್ಡೆ, ಮುಸುಕಿನ ಜೋಳ, ರಾಗಿಯ ಹೊಲಗಳು ಕಾಣುತ್ತವೆ. ಜಾವಗಲ್, ಬಾಣಾವರ ಕಳೆದು ಅರಸೀಕೆರೆ ಮುಟ್ಟಿದರೆ ತೆಂಗು, ರಾಗಿ, ಹುರುಳಿ. ಅಲ್ಲಿ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ ಒಳ್ಳೆಯ ವರ್ಷ. ನಮ್ಮ ಊರು ಇದರ ನಡುವೆ, ಜಾವಗಲ್ ಸೀಮೆಯಲ್ಲಿದೆ. ಅರವತ್ತು ವರ್ಷಗಳಲ್ಲಿ ಈ ಸೀಮೆಯ ಜನ ಏನು ಬೆಳೆದರು, ಏನು ಉಂಡರು, ಅದು ಹೇಗೆ ಬದಲಾಯಿತು ಎನ್ನುವುದನ್ನು ಕಂಡಷ್ಟು ಬರೆದಿಡಬೇಕೆನಿಸಿದೆ. ನಾವು ಹಸಿವನ್ನು ಗೆದ್ದಿದ್ದೇವೆ, ಅದರಲ್ಲಿ ಅನುಮಾನವಿಲ್ಲ. ಗೆಲ್ಲುವ ದಾರಿಯಲ್ಲಿ ನೆಲದ ನೀರನ್ನೂ ತಟ್ಟೆಯ ಸತ್ವವನ್ನೂ ಖರ್ಚು ಮಾಡಿಕೊಂಡಿದ್ದೇವೆ, ಅದೂ ಅಷ್ಟೇ ನಿಜ.

ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವವರ ಜತೆ ನಾನಿಲ್ಲ. ನಮ್ಮ ಮನೆಯಲ್ಲಿ ಹಳೆಯ ಮಾತು ಬಂದರೆ ಶುರುವಾಗುತ್ತಿದ್ದುದೇ ಬರದಿಂದ. 1965ರಲ್ಲೂ 1966ರಲ್ಲೂ ಮಳೆ ಕೈಕೊಟ್ಟಿತು. ಇಡೀ ದೇಶ ಅಮೆರಿಕದ ಹಡಗುಗಳ ದಾರಿ ಕಾಯುತ್ತಿದ್ದ ಕಾಲ ಅದು. 1966 ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ಬಂತು. ಪಿ.ಎಲ್. 480 ಎಂಬ ಅಮೆರಿಕದ ಕಾನೂನಿನಡಿ ಬಂದ ಗೋಧಿ, ಕೆಂಪು ಜೋಳ ನಮ್ಮ ಕಡೆಗೂ ಬಂದವು. ಆ ಜೋಳ ಎಷ್ಟು ಹೊತ್ತು ಬೇಯಿಸಿದರೂ ಮೆತ್ತಗಾಗುತ್ತಿರಲಿಲ್ಲವಂತೆ. "ದನ ತಿನ್ನೋ ಜೋಳ ಅಂತ ಗೊತ್ತಿತ್ತು ಕಣಪ್ಪ. ಮಕ್ಳು ಹಸ್ಕೊಂಡು ಅಳೋವಾಗ ಅದನ್ನೆಲ್ಲ ನೋಡಕ್ಕಾಯ್ತದಾ" ಎಂದು ಅವ್ವ ಹೇಳುತ್ತಿದ್ದಳು.

ನಾನು ಶಾಲೆಗೆ ಸೇರಿದಾಗ ಮಧ್ಯಾಹ್ನಕ್ಕೆ ಉಪ್ಪಿಟ್ಟು ಕೊಡುತ್ತಿದ್ದರು. ಕೇರ್ ಸಂಸ್ಥೆಯ ಮೂಲಕ ಬರುತ್ತಿದ್ದ ಹಳದಿ ಗೋಧಿ ನುಚ್ಚು, ಡಬ್ಬಿಯ ಎಣ್ಣೆ, ಹಾಲಿನ ಪುಡಿ. ಮೂರು ಕಲ್ಲು ಹೂಡಿ ದೊಡ್ಡ ಕಡಾಯಿಯಲ್ಲಿ ನುಚ್ಚು ಬೇಯಿಸುವಾಗ ಅದರ ವಾಸನೆ ಎರಡನೆಯ ತರಗತಿಯ ಕಿಟಕಿಯೊಳಗೆ ಬಂದು ಪಾಠ ತಲೆಗೆ ಹೋಗುತ್ತಿರಲಿಲ್ಲ. ಮುತ್ತುಗದ ಎಲೆ ಹಿಡಿದು ಸಾಲಾಗಿ ಕೂರುತ್ತಿದ್ದೆವು. ಎಷ್ಟೋ ಮಕ್ಕಳಿಗೆ ಅದೇ ಆ ದಿನದ ಮೊದಲ ಊಟ. ಎಲೆಯಲ್ಲಿ ಅರ್ಧ ಉಳಿಸಿ, ಮಡಚಿ, ಮನೆಯಲ್ಲಿದ್ದ ತಂಗಿಗೆಂದು ಚೀಲದೊಳಗೆ ಇಟ್ಟುಕೊಳ್ಳುವವರಿದ್ದರು. ಹೊರದೇಶದ ಧಾನ್ಯ ಎಂಬ ಅವಮಾನದ ಮಾತು ಪತ್ರಿಕೆ ಓದುವವರಿಗೆ ತಿಳಿದಿತ್ತು. ಹಸಿದ ಮಗುವಿಗೆ ಅದು ಊಟವಾಗಿತ್ತು.

ಹಾಗೆಂದು ಆಗ ನಮ್ಮ ಹೊಲ ಬರಿದಾಗಿರಲಿಲ್ಲ. ಮಳೆ ಸರಿಯಾಗಿ ಆದ ವರ್ಷ ಒಂದೇ ಹೊಲದಿಂದ ಮನೆಗೆ ಎಷ್ಟು ಬಗೆಯ ಆಹಾರ ಬರುತ್ತಿತ್ತು ಎನ್ನುವುದನ್ನು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಪುನರ್ವಸು, ಪುಷ್ಯ ಮಳೆಗೆ ರಾಗಿ ಬಿತ್ತನೆ. ಅಪ್ಪ ಕೂರಿಗೆ ಹಿಡಿದರೆ, ಹಿಂದೆ ಸಡ್ಡೆಯಲ್ಲಿ ಅವ್ವ, ದೊಡ್ಡಮ್ಮ ಅಕ್ಕಡಿ ಕಾಳು ಬಿಡುತ್ತ ಬರುತ್ತಿದ್ದರು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ಅದರ ಜತೆ ತೊಗರಿ, ಹುಚ್ಚೆಳ್ಳು, ಒಂದಿಷ್ಟು ಜೋಳ, ಬದುವಿನ ಅಂಚಿಗೆ ಹರಳು. ಪ್ರತಿಯೊಂದಕ್ಕೂ ಅದರ ಕೆಲಸವಿತ್ತು. ಹುಚ್ಚೆಳ್ಳಿನ ಹೂವಿಗೆ ಜೇನು ಬಂದು ಅವರೆ, ತೊಗರಿಗೂ ಒಳ್ಳೆಯದಾಗುತ್ತಿತ್ತು. ಅವರೆ, ತೊಗರಿಯ ಬೇರು ಮಣ್ಣಿಗೆ ಸಾರಜನಕ ಕೊಡುತ್ತಿತ್ತು. ಹರಳು ದೀಪದ ಎಣ್ಣೆಗೆ, ತಲೆಗೆ. ಕಾರ್ತಿಕ ಕಳೆದು ರಾಗಿ ಕೊಯ್ದ ಮೇಲೂ ಅವರೆ ಸಾಲು ಇಬ್ಬನಿ ಕುಡಿದುಕೊಂಡು ಸಂಕ್ರಾಂತಿಯವರೆಗೆ ಕಾಯಿ ಕೊಡುತ್ತಿತ್ತು. ಮಳೆ ನಡುವೆ ಕೈಕೊಟ್ಟು ರಾಗಿ ಸೊರಗಿದರೆ ಹಿಂಗಾರಿಗೆ ಹುರುಳಿ ಎರಚುತ್ತಿದ್ದರು. ಒಂದು ಹೋದರೆ ಇನ್ನೊಂದು ಉಳಿಯಬೇಕು ಎಂಬ ಲೆಕ್ಕ ಅದು. ಇಂದು ಕೃಷಿ ವಿಜ್ಞಾನಿಗಳು ಹವಾಮಾನ ತಾಳುವ ಬೇಸಾಯ ಎಂದು ಪಾಠ ಮಾಡುತ್ತಿರುವುದು ಬಹುಪಾಲು ಇದನ್ನೇ.

ಕಳೆ ಎನ್ನುವುದೂ ಅಡಿಗೆಮನೆಗೆ ಬರುತ್ತಿತ್ತು. ಎಡೆಕುಂಟೆ ಹೊಡೆದ ಮೇಲೆ ಹೆಂಗಸರು ಕಳೆ ಕೀಳಲು ಕೂತರೆ ಮಡಿಲಲ್ಲಿ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕಿರಕಸಾಲೆ, ಹೊನಗೊನ್ನೆ ತುಂಬಿಕೊಂಡೇ ಏಳುತ್ತಿದ್ದರು. ರಾತ್ರಿಗೆ ಬೆರಕೆ ಸೊಪ್ಪಿನ ಮಸ್ಸೊಪ್ಪು, ಮುದ್ದೆ. ಬಿಸಿಲು ಕಾಲದಲ್ಲಿ ಹುರುಳಿ ಕಟ್ಟಿನ ಸಾರು, ಬೆಳಿಗ್ಗೆ ರಾಗಿ ಅಂಬಲಿ. ಇವನ್ನೆಲ್ಲ ಯಾರೂ ಪೌಷ್ಟಿಕತೆ ಎಂದು ಕರೆಯುತ್ತಿರಲಿಲ್ಲ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಅವರೆ, ಹುರುಳಿಯಲ್ಲಿ ಪ್ರೋಟೀನು, ಸೊಪ್ಪಿನಲ್ಲಿ ಕಬ್ಬಿಣ. ರಾಗಿಯನ್ನು ಮೊಳಕೆ ಕಟ್ಟಿ, ಹುಳಿ ಬರಿಸಿ ಉಂಡರೆ ಅದರಲ್ಲಿರುವ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ ಎಂಬುದನ್ನು ಪ್ರಯೋಗಾಲಯ ಆಮೇಲೆ ಹೇಳಿತು. ಅಂಬಲಿ ಹುಳಿ ಬರಿಸುವುದು ಮೊದಲಿಂದಲೂ ಇತ್ತು.

ಬೆಳೆದ ರಾಗಿ ಹಗೇವಿಗೆ ಹೋಗುತ್ತಿತ್ತು. ನಮ್ಮ ಕಡೆ ಮನೆಯ ಮುಂದೆಯೋ ಹಿತ್ತಲಲ್ಲೋ ಗಟ್ಟಿ ನೆಲ ನೋಡಿ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ತಳಕ್ಕೆ, ಗೋಡೆಗೆ ರಾಗಿ ಹುಲ್ಲು ಒತ್ತಿ, ಒಣಗಿದ ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ಎರಡು ಮೂರು ವರ್ಷ ಅತ್ತ ನೋಡಬೇಕಿರಲಿಲ್ಲ. ಇದರ ಕೆಲಸ ಸರಳ. ಮುಚ್ಚಿದ ಗುಂಡಿಯೊಳಗೆ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸಿಬಿಡುತ್ತದೆ. ಆ ಗಾಳಿಯಲ್ಲಿ ಹುಳು ಬದುಕುವುದಿಲ್ಲ. ರಾಗಿ ಕಾಳು ಎಷ್ಟು ಚಿಕ್ಕದೆಂದರೆ ನುಸಿಗೆ ಅದರೊಳಗೆ ಮನೆ ಮಾಡಿಕೊಳ್ಳಲು ಜಾಗವೇ ಇಲ್ಲ.

ಹಗೇವು ತೆಗೆಯುವ ದಿನ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಕಲ್ಲು ಸರಿಸಿ ಒಂದು ದಿನ ಗಾಳಿಯಾಡಲು ಬಿಟ್ಟು, ಮರುದಿನ ಅಪ್ಪ ಹೊತ್ತಿಸಿದ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದ. ದೀಪ ಸಣ್ಣಗಾಗಿ ಆರಿದರೆ ಯಾರೂ ಇಳಿಯುವಂತಿಲ್ಲ. ಉರಿಯುತ್ತಲೇ ಇದ್ದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿದು ಪುಟ್ಟಿಯಲ್ಲಿ ರಾಗಿ ತುಂಬಿ ಮೇಲಕ್ಕೆ ಕೊಡುತ್ತಿದ್ದ. ಮೇಲಿನವರು ಅವನೊಡನೆ ಮಾತಾಡುತ್ತಲೇ ಇರಬೇಕು. ಮಾತಿಗೆ ಮಾತು ಬರದಿದ್ದರೆ ಹಗ್ಗ ಎಳೆಯಬೇಕು. ಉಸಿರುಗಟ್ಟಿ ಸತ್ತವರ ಸುದ್ದಿ ಸುತ್ತಲ ಊರುಗಳಿಂದ ಆಗಾಗ ಬರುತ್ತಿತ್ತು. ಗೋಡೆಯ ಬದಿಯ ರಾಗಿ ಕಪ್ಪಿಟ್ಟು ಮುಗ್ಗಲು ವಾಸನೆ ಬರುತ್ತಿತ್ತು, ಅದು ದನದ ಪಾಲು. ನಡುವಿನದು ಹೊಳೆಯುತ್ತಿತ್ತು.

ಈ ಹಗೇವು ಇದ್ದದ್ದು ಹೊಲ ಇದ್ದವರಿಗೆ ಎನ್ನುವುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಊರಾಚೆಯ ಕೇರಿಯಲ್ಲಿ ಹಗೇವು ಇರಲಿಲ್ಲ. ಆಷಾಢ, ಶ್ರಾವಣದಲ್ಲಿ ಅಲ್ಲಿನ ಮನೆಗಳಲ್ಲಿ ಒಲೆ ಉರಿಯದ ದಿನಗಳಿರುತ್ತಿದ್ದವು. ಆಗ ಒಂದು ಪಲ್ಲ ರಾಗಿ ಸಾಲ ತಂದವರು ಸುಗ್ಗಿಯಲ್ಲಿ ಒಂದೂವರೆ ಪಲ್ಲ ಅಳೆಯಬೇಕಿತ್ತು. ಅಳೆಯಲಾಗದವರ ಮಗ ಸಾಲಕ್ಕಾಗಿ ಜೀತಕ್ಕೆ ನಿಲ್ಲುತ್ತಿದ್ದ. 1974ರ ಭೂಸುಧಾರಣೆ ಉಳುವವರಲ್ಲಿ ಒಂದಷ್ಟು ಜನಕ್ಕೆ ನೆಲ ಕೊಟ್ಟಿತು, 1976ರ ಕಾನೂನು ಜೀತವನ್ನು ರದ್ದು ಮಾಡಿತು. ಎರಡೂ ನಮ್ಮ ಊರನ್ನು ಒಂದೇ ದಿನಕ್ಕೆ ಬದಲಿಸಲಿಲ್ಲ. ಆದರೂ ನನ್ನ ಓರಗೆಯ ಹುಡುಗರು ದನ ಕಾಯುವುದು ಬಿಟ್ಟು ಹೈಸ್ಕೂಲಿಗೆ ಬಂದದ್ದು ಅದರ ನಂತರವೇ. ಹಳೆಯ ಆಹಾರ ಭದ್ರತೆಯನ್ನು ಹೊಗಳುವವರು ಅದು ಯಾರ ಭದ್ರತೆಯಾಗಿತ್ತು ಎಂದು ಕೇಳಿಕೊಳ್ಳಬೇಕು.

ಹೆಂಗಸರ ಮಟ್ಟಿಗೂ ಆ ಕಾಲ ಕಠಿಣವಾಗಿತ್ತು. ಕೋಳಿ ಕೂಗುವ ಮುಂಚೆ ಬೀಸುವ ಕಲ್ಲಿನ ಮುಂದೆ ಕೂತ ಅವ್ವ, ದೊಡ್ಡಮ್ಮ ಎದುರುಬದುರಾಗಿ ಗೂಟ ಹಿಡಿದು ಬೀಸಿದರೆ ಮನೆ ಮಂದಿಗೆ ಒಂದು ದಿನದ ಹಿಟ್ಟು. ಆಮೇಲೆ ನೀರು, ಕಸ, ಕೊಟ್ಟಿಗೆ, ಹೊಲ. ರಾತ್ರಿ ಹತ್ತು ಹದಿನೈದು ಮುದ್ದೆಗೆ ಹಿಟ್ಟಿನ ಕೋಲು ತಿರುವಿ ತೋಳು ಸೋಲುತ್ತಿತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದು ಅವರ ಪಾಲು. ಊರಿಗೆ ಕರೆಂಟು ಬಂದು ಹಿಟ್ಟಿನ ಗಿರಣಿ ಶುರುವಾದಾಗ "ದೇವರು ಕಣ್ಣು ಬಿಟ್ಟ" ಎಂದು ದೊಡ್ಡಮ್ಮ ಅಂದದ್ದು ಬರಿ ಮಾತಿಗಲ್ಲ. ಮುಂದೆ ಅಕ್ಕಿ ಸಿಕ್ಕಿದಾಗ ಹೆಂಗಸರು ಅತ್ತ ವಾಲಿದರು. ಕುಕ್ಕರಿನಲ್ಲಿ ಅಕ್ಕಿ ಇಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು. ರಾಗಿ ತಟ್ಟೆಯಿಂದ ಸರಿದದ್ದಕ್ಕೆ ರುಚಿ ಬದಲಾದದ್ದಷ್ಟೇ ಕಾರಣ ಎನ್ನುವವರು ಈ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

1970ರ ದಶಕದಲ್ಲಿ ನಮ್ಮ ಹೊಲಕ್ಕೆ ಇಂಡಾಫ್ ರಾಗಿ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಅದನ್ನು ರೂಪಿಸಿದವರು ಸಿ.ಎಚ್. ಲಕ್ಷ್ಮಣಯ್ಯ. ರೈತರ ಬಾಯಲ್ಲಿ ಅವರು ರಾಗಿ ಲಕ್ಷ್ಮಣಯ್ಯ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದು ನಮ್ಮದಾಗಿದ್ದ ರಾಗಿಯನ್ನು ಲಕ್ಷ್ಮಣಯ್ಯ ಮತ್ತೆ ಆಫ್ರಿಕಾದ ತಳಿಗಳ ಜತೆ ಕೂಡಿಸಿದರು. ರಾಗಿಯ ಹೂವು ತೀರ ಸಣ್ಣದು, ತನ್ನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದು. ಅದನ್ನು ಕೈಯಿಂದ ಕೂಡಿಸುವುದು ತಾಳ್ಮೆಯ ಕೆಲಸ. ದಪ್ಪ ತೆನೆ, ಗಟ್ಟಿ ಕಡ್ಡಿಯ ಇಂಡಾಫ್ ನಾಟಿ ರಾಗಿಯ ಎರಡು ಪಟ್ಟು ಇಳುವರಿ ಕೊಟ್ಟಿತು. ಅದರ ಬೆನ್ನಿಗೆ ಬೆಂಕಿ ರೋಗ ತಾಳುವ ಜಿ.ಪಿ.ಯು. 28 ಬಂತು, ಇಂದಿಗೂ ನಮ್ಮ ಕಡೆ ಅದನ್ನೇ ಬಿತ್ತುವವರಿದ್ದಾರೆ. ಹಸಿರು ಕ್ರಾಂತಿ ಎಂದರೆ ಪಂಜಾಬಿನ ಗೋಧಿ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಮಳೆಯಾಶ್ರಿತ ನೆಲದಲ್ಲಿ, ಹೊಸ ಕಾಲುವೆಯನ್ನೂ ಕೇಳದೆ ಲಕ್ಷಾಂತರ ಮನೆಗಳ ಹಿಟ್ಟು ಹೆಚ್ಚಿಸಿದ ಈ ಕೆಲಸ ಅದಕ್ಕಿಂತ ಕಡಿಮೆಯದಲ್ಲ.

ಆದರೆ ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ಶುರುವಾಗಿತ್ತು. 1980ರ ದಶಕದ ಬರಗಳಲ್ಲಿ ಕೊಳವೆಬಾವಿ ಲಾರಿ ಊರಿಗೆ ಬಂತು. ನೂರೈವತ್ತು ಅಡಿಗೆ ನೀರು ಚಿಮ್ಮಿದಾಗ ಊರೇ ನೆರೆದು ನೋಡಿತು. ನೀರು ಸಿಕ್ಕಿದ ಮೇಲೆ ರಾಗಿ ಹೊಲದಲ್ಲಿ ತೆಂಗಿನ ಸಸಿ ಎದ್ದಿತು. ತೆಂಗು ಬೆಳೆಯುವುದರಲ್ಲಿ ತಪ್ಪಿರಲಿಲ್ಲ. ಅರಸೀಕೆರೆ, ತಿಪಟೂರಿನ ಕೊಬ್ಬರಿಗೆ ದೇಶದ ಮಾರುಕಟ್ಟೆಯಿತ್ತು, ಮಕ್ಕಳ ಓದು, ಮದುವೆ ಎಲ್ಲ ಅದರ ಮೇಲೆ ನಡೆದವು. ಆದರೆ ಕೆರೆಗಳ ಹೂಳೆತ್ತುವುದು ನಿಂತಿತು, ತೂಬು ನೋಡಿಕೊಳ್ಳುವ ನೀರಗಂಟಿಯ ಕೆಲಸ ಹೋಯಿತು. ಹೊಯ್ಸಳರು ದ್ವಾರಸಮುದ್ರದಲ್ಲಿ ರಾಜಧಾನಿ ಕಟ್ಟಿದ್ದು ದೊಡ್ಡ ಕೆರೆಯ ದಂಡೆಯಲ್ಲಿ. ಅದೇ ಹಳೇಬೀಡು ಕೆರೆಗೆ ರಣಘಟ್ಟದಿಂದ ಯಗಚಿಯ ನೀರು ತನ್ನಿ ಎಂದು ಹಳೇಬೀಡು, ಜಾವಗಲ್ ರೈತರು ನಮ್ಮ ಕಾಲದಲ್ಲಿ ಬೀದಿಗಿಳಿಯಬೇಕಾಯಿತು. ಕೊಳವೆಬಾವಿ ಈಗ ಎಂಟುನೂರು, ಸಾವಿರ ಅಡಿಗೆ ಇಳಿದಿದೆ, ಸಿಕ್ಕರೆ ನೀರು, ಇಲ್ಲವಾದರೆ ಸಾಲ.

ತೆಂಗು ನೆಲದ ನೀರನ್ನು ನಂಬಿ ನಿಂತ ಬೆಳೆ. 1990ರ ದಶಕದ ಕೊನೆಗೆ ಕೇರಳದಲ್ಲಿ ಕಂಡ ನುಸಿ ಪೀಡೆ ಸ್ವಲ್ಪ ಕಾಲದಲ್ಲೇ ನಮ್ಮ ತೋಟ ತಲುಪಿ ಕಾಯಿಯನ್ನು ಗಿಡ್ಡ ಮಾಡಿತು. 2012ರ ನಂತರ ಒಂದರ ಬೆನ್ನಿಗೆ ಒಂದು ಬಂದ ಬರಗಳಲ್ಲಿ ಅರಸೀಕೆರೆ ತಾಲ್ಲೂಕಿನಲ್ಲಿ ತೋಟಕ್ಕೆ ತೋಟವೇ ಸುಳಿ ಬಿದ್ದು ಒಣಗಿದವು. ಮೂವತ್ತು ವರ್ಷ ನೀರೆರೆದು ಬೆಳೆಸಿದ ಮರ ಕಡಿಸಿ ಇಟ್ಟಿಗೆ ಗೂಡಿಗೆ ಕಳಿಸಿದವರನ್ನು ನಾನು ಬಲ್ಲೆ. ಬೆಲೆಯ ಕಥೆಯೂ ಹಾಗೆಯೇ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ, ಮಾರುಕಟ್ಟೆಯಲ್ಲಿ ಸಿಕ್ಕಿದ್ದು 8,000ದ ಆಸುಪಾಸು. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು, ಆಗ ಎಷ್ಟೋ ಜನರ ಮರದಲ್ಲಿ ಕಾಯಿ ಇರಲಿಲ್ಲ. ಮನೆಯ ಅಕ್ಕಿ, ಬೇಳೆ, ಎಣ್ಣೆ ಎಲ್ಲವನ್ನೂ ಕೊಂಡು ತಿನ್ನುವ ರೈತನಿಗೆ ಈ ಏರಿಳಿತವೇ ಹಸಿವಿನ ಹೊಸ ರೂಪ.

ಹಳೇಬೀಡು ಕಡೆ ಇದೇ ಕೆಲಸವನ್ನು ಆಲೂಗಡ್ಡೆ ಮಾಡಿತು. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರದಿಂದ ಬರಬೇಕು, ಮುಂಗಾರಿನಲ್ಲಿ ಅಂಗಮಾರಿ ಬಿದ್ದರೆ ವಾರದಲ್ಲಿ ಹೊಲ ಕೊಳೆತು ನಾರುತ್ತದೆ. ಆಲೂಗಡ್ಡೆಯಲ್ಲಿ ಕೈ ಸುಟ್ಟುಕೊಂಡವರು ಮುಸುಕಿನ ಜೋಳಕ್ಕೆ, ನೀರಿದ್ದವರು ಶುಂಠಿಗೆ ಹೋದರು. ಮುಸುಕಿನ ಜೋಳ ಹೋಗುವುದು ಕೋಳಿ ಫಾರಂಗೆ, ಪಿಷ್ಟದ ಕಾರ್ಖಾನೆಗೆ. ಬೆಳೆದವನ ತಟ್ಟೆಗೆ ಅದು ಬರುವುದಿಲ್ಲ. 2018ರಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಆಫ್ರಿಕಾ ಹಾದು ಭಾರತಕ್ಕೆ ಬಂದಾಗ ಮೊದಲು ಕಾಣಿಸಿದ್ದು ನಮ್ಮ ರಾಜ್ಯದ ಶಿವಮೊಗ್ಗದಲ್ಲಿ. ಆ ವರ್ಷದಿಂದ ಜೋಳದ ಸುಳಿಗೆ ಔಷಧಿ ಹೊಡೆಯುವುದು ಖಾಯಂ ಖರ್ಚು. ಅಕ್ಕಡಿ ಸಾಲು ಇಲ್ಲ, ಹುಚ್ಚೆಳ್ಳಿನ ಹೂವಿಲ್ಲ, ಕಳೆನಾಶಕ ಬಿದ್ದ ಹೊಲದಲ್ಲಿ ಅಣ್ಣೆ ಸೊಪ್ಪೂ ಇಲ್ಲ.

ಇಷ್ಟೆಲ್ಲದರ ನಡುವೆ ಹಸಿವು ಹೋಯಿತು. ಅದನ್ನು ಹೋಗಲಾಡಿಸಿದ್ದು ನ್ಯಾಯಬೆಲೆ ಅಂಗಡಿ, ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾಗಿ ಬಡ ಕುಟುಂಬಕ್ಕೆ ಕಿಲೋಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕಿಲೋವರೆಗೆ ಅಕ್ಕಿ ಸಿಕ್ಕಿತು, ಅದೇ ವರ್ಷ ದೇಶಕ್ಕೆ ಆಹಾರ ಭದ್ರತಾ ಕಾಯ್ದೆ ಬಂತು. ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು ಎಂದು ಹಗೇವು ಇದ್ದ ಮನೆಗಳವರು ಜಗಲಿ ಮೇಲೆ ಕೂತು ಮಾತಾಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಆಷಾಢದಲ್ಲಿ ಒಂದಕ್ಕೆ ಒಂದೂವರೆ ಸಾಲ ತರುವುದು ತಪ್ಪಿದ್ದು ಈ ಅಕ್ಕಿಯಿಂದ. ಇವತ್ತು ಕೇರಿಯ ಹೆಣ್ಣುಮಗಳು ಕೂಲಿ ಸರಿಯಾಗಿ ಕೊಟ್ಟರೆ ಬರುತ್ತೇನೆ, ಇಲ್ಲವಾದರೆ ಇಲ್ಲ ಎಂದು ನೇರವಾಗಿ ಹೇಳುತ್ತಾಳೆ. ಹೊಟ್ಟೆ ತುಂಬಿದವರು ಮಾತ್ರ ಆಡಬಲ್ಲ ಮಾತು ಅದು.

ಹೊಟ್ಟೆ ತುಂಬಿದ್ದಷ್ಟೇ ಸಾಲದು ಎನ್ನುವುದನ್ನೂ ಅಷ್ಟೇ ನೇರವಾಗಿ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇದ್ದವರು 2015-16ರಲ್ಲಿ ಶೇ. 44.8, 2019-21ರಲ್ಲಿ ಶೇ. 47.8. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 60.9 ಇದ್ದದ್ದು 65.5 ಆಯಿತು. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ಶೇ. 35.4. ಇದಕ್ಕೆ ಅಕ್ಕಿಯೊಂದೇ ಕಾರಣವಲ್ಲ. ಜಂತುಹುಳು, ಬೇಗ ಮದುವೆ, ಹೆರಿಗೆಗಳ ನಡುವಿನ ಅಂತರ ಎಲ್ಲ ಸೇರಿವೆ. ಆದರೆ ನಮ್ಮ ಸೀಮೆಯ ಯಾವ ಮನೆಗೆ ಹೋದರೂ ಮೂರು ಹೊತ್ತು ಪಾಲಿಶ್ ಅಕ್ಕಿ, ತೆಳು ಸಾರು, ನಡುವೆ ಟೀ ಬಿಸ್ಕತ್ತು. ಸೊಪ್ಪು ಸಂತೆಯಿಂದ ಬರಬೇಕು, ಕಾಳು ದುಬಾರಿ. ಹಾಲು ಬೆಳಿಗ್ಗೆ ಸಂಜೆ ಡೇರಿಗೆ ಹೋಗುತ್ತದೆ. ಡೇರಿಯ ದುಡ್ಡು ಹೆಂಗಸರ ಕೈಗೆ ಬಂದದ್ದು ದೊಡ್ಡ ಒಳಿತು, ಮಕ್ಕಳ ಲೋಟದಲ್ಲಿ ಹಾಲು ಕಡಿಮೆಯಾದದ್ದು ದೊಡ್ಡ ನಷ್ಟ. ನಲವತ್ತಕ್ಕೇ ಸಕ್ಕರೆ ಕಾಯಿಲೆ ಬಂದವರ ಮನೆಯಲ್ಲಿ ಡಾಕ್ಟರು ಹೇಳಿದರೆಂದು ಮುದ್ದೆ ಮತ್ತೆ ಶುರುವಾಗಿದೆ.

2023ನೇ ವರ್ಷ ನಮ್ಮ ಸೀಮೆಗೆ ಈ ಎಲ್ಲವನ್ನೂ ಒಟ್ಟಿಗೆ ತೋರಿಸಿತು. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ ಅದನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿತ್ತು. ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ಅದೇ ವರ್ಷ ಎಲ್ ನಿನೊ ಬಂದು ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ದೇವಸ್ಥಾನ ನೋಡಲು ಬಂದ ಬಸ್ಸುಗಳು ಹಾದುಹೋದ ರಸ್ತೆಯ ಎರಡೂ ಬದಿ ರಾಗಿ ತೆನೆ ಕಟ್ಟದೆ ಒಣಗಿ ನಿಂತಿತ್ತು. ಆ ಜೂನ್‌ನಲ್ಲಿ ಕೇಂದ್ರ ತನ್ನ ದಾಸ್ತಾನಿನ ಅಕ್ಕಿಯನ್ನು ರಾಜ್ಯಗಳಿಗೆ ಮಾರುವುದು ನಿಲ್ಲಿಸಿತು, ಜುಲೈನಲ್ಲಿ ಬಿಳಿ ಅಕ್ಕಿಯ ರಫ್ತನ್ನೂ ನಿಲ್ಲಿಸಿತು. ಕರ್ನಾಟಕ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತಲಾ 170 ರೂಪಾಯಿಯನ್ನು ಖಾತೆಗೆ ಹಾಕಿತು. ಎಲ್ಲೋ ಪೆಸಿಫಿಕ್ ಸಾಗರ ಕಾದದ್ದು, ದಿಲ್ಲಿಯಲ್ಲಿ ಒಂದು ಆದೇಶ ಹೊರಟದ್ದು ಎರಡೂ ಜಾವಗಲ್ಲಿನ ಅಡಿಗೆಮನೆಯಲ್ಲಿ ಒಂದೇ ತಿಂಗಳಲ್ಲಿ ಗೊತ್ತಾದವು. ಹೊರಗಿನಿಂದ ಬರುವ ಅಕ್ಕಿಯೊಂದನ್ನೇ ನೆಚ್ಚಿಕೊಂಡ ಭದ್ರತೆ ಎಷ್ಟು ಗಟ್ಟಿ ಎಂಬುದು ಅಂದು ತಿಳಿಯಿತು.

ಹಾಗಾದರೆ ರಾಗಿ ಏಕೆ ಬೆಳೆಯಬಾರದು ಎಂದು ಪಟ್ಟಣದವರು ಕೇಳುತ್ತಾರೆ. ಬೆಳೆಯುತ್ತಿದ್ದೇವೆ. ದೇಶದ ರಾಗಿಯಲ್ಲಿ ಅರ್ಧಕ್ಕೂ ಹೆಚ್ಚು ಇಂದಿಗೂ ಕರ್ನಾಟಕದ್ದು. ಅರಸೀಕೆರೆ ಕಡೆ ಅದನ್ನು ಉಳಿಸಿದ್ದರಲ್ಲಿ ಹಸುವಿನ ಪಾಲು ದೊಡ್ಡದು. ಡೇರಿಗೆ ಹಾಲು ಹಾಕುವವರಿಗೆ ರಾಗಿ ಹುಲ್ಲು ಬೇಕು. ಇನ್ನೊಂದು, ಬೆಂಬಲ ಬೆಲೆ. 2013-14ರಲ್ಲಿ ಕ್ವಿಂಟಾಲಿಗೆ 1,500 ರೂಪಾಯಿ ಇದ್ದದ್ದು 2018-19ರಲ್ಲಿ 2,897ಕ್ಕೆ ಏರಿ, 2025-26ಕ್ಕೆ 4,886 ಆಗಿದೆ. ನನ್ನ ತಮ್ಮ ತೆಂಗಿನ ನಡುವಿನ ಎರಡು ಎಕರೆಯಲ್ಲಿ ಮತ್ತೆ ರಾಗಿ ಹಾಕಿದ್ದು ಈ ಬೆಲೆ ನೋಡಿಯೇ. ಜನವರಿಯಲ್ಲಿ ನಮ್ಮ ರಸ್ತೆಗೆ ಬಂದರೆ ಟಾರಿನ ಮೇಲೆ ಉದ್ದಕ್ಕೂ ರಾಗಿ, ಹುರುಳಿ ಹಾಸಿರುವುದು ಕಾಣುತ್ತದೆ. ಕಣ ಮಾಡುವ ಜಾಗ ಮನೆಯಾಗಿದೆ, ಗುಂಡು ಎಳೆಯುವ ಎತ್ತುಗಳಿಲ್ಲ, ಓಡಾಡುವ ಲಾರಿ ಬಸ್ಸುಗಳೇ ಒಕ್ಕಣೆ ಮಾಡಬೇಕು. ಬೈಕಿನವರು ಜಾರಿ ಬೀಳುತ್ತಾರೆ. ಊರಿಗೊಂದು ಸಿಮೆಂಟು ಕಣ ಮಾಡಿಕೊಟ್ಟರೆ ಹುಲ್ಲೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಬೆಳೆದದ್ದನ್ನು ಮಾರುವಾಗ ಇನ್ನೊಂದು ಸಂಕಟ. ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಐ.ಡಿ. ಇರಬೇಕು, ಪಹಣಿಯಲ್ಲಿ ಬೆಳೆ ರಾಗಿ ಎಂದೇ ನಮೂದಾಗಿರಬೇಕು, ನೋಂದಣಿ ತೆರೆದ ದಿನವೇ ಸರದಿಯಲ್ಲಿರಬೇಕು. 2021-22ರಲ್ಲಿ ಸಣ್ಣ ರೈತರಿಂದ ಮಾತ್ರ, ಅದೂ 20 ಕ್ವಿಂಟಾಲ್ ಮಿತಿಯಲ್ಲಿ ಖರೀದಿ ಎಂದು ನಿಯಮ ಬಂದಾಗ ಜಿಲ್ಲೆಯ ಎಷ್ಟೋ ರೈತರ ರಾಗಿ ಮನೆಯಲ್ಲೇ ಉಳಿಯಿತು. ಖರೀದಿ ಶುರುವಾಗುವವರೆಗೆ ಕಾಯಲಾಗದವರು ಸುಗ್ಗಿಯಲ್ಲೇ ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ. ಅವರು ಕೊಟ್ಟ ಬೆಲೆಗೂ ಸರ್ಕಾರದ ಬೆಲೆಗೂ ನಡುವಿನ ಹಣ ಕಾಯಬಲ್ಲವರ ಪಾಲಾಗುತ್ತದೆ. ಹಿಂದೆ ಹಗೇವು ಇದ್ದವನಿಗೂ ಇಲ್ಲದವನಿಗೂ ಇದ್ದ ಅಂತರವೇ ಇದು.

ಒಳ್ಳೆಯ ಕೆಲಸಗಳೂ ಆಗಿವೆ, ಅವನ್ನು ಹೇಳಬೇಕು. 2014ರಿಂದ ಬಂದ ಕೃಷಿಭಾಗ್ಯ ಯೋಜನೆಯ ಹೊಂಡಗಳು ಹದಿನೈದು ದಿನ ಮಳೆ ತಡವಾದಾಗ ರಾಗಿಗೆ ಒಂದು ನೀರು ಕೊಟ್ಟು ಬೆಳೆ ಉಳಿಸಿದ್ದನ್ನು ಕಂಡಿದ್ದೇನೆ. ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಅಕ್ಕಿಯ ಜತೆ ರಾಗಿ ಸಿಗುತ್ತಿದೆ. ಶಾಲೆಯಲ್ಲಿ ಮೊಟ್ಟೆ ಬಂದಿದೆ. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಹಾಲಿನ ಜತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ಎತ್ತಿನಹೊಳೆ ನೀರಿನ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಮೊದಲ ಹಂತ ಚಾಲನೆ ಪಡೆಯಿತು. ಕಾಲುವೆ ನಮ್ಮ ತಾಲ್ಲೂಕನ್ನು ಹಾದು ಹೋಗುತ್ತದೆ. ಆ ನೀರು ಕೆರೆಗೆ ಬಂದರೆ ಸಂತೋಷವೇ. ಆದರೆ ಬಂದ ನೀರಿಗೆ ಮತ್ತೆ ಶುಂಠಿ ಹಾಕುವುದಾದರೆ ಇನ್ನೊಂದು ತಲೆಮಾರಿಗೆ ಇದೇ ಕಥೆ.

ನನಗೆ ಹೇಳಬೇಕೆನಿಸಿದ್ದು ಇಷ್ಟು. ಹಗೇವನ್ನು ಮತ್ತೆ ತೋಡಬೇಕಿಲ್ಲ, ಬೀಸುವ ಕಲ್ಲಿಗೆ ಹೆಂಗಸರನ್ನು ಮತ್ತೆ ಕೂರಿಸಬೇಕಿಲ್ಲ, ನ್ಯಾಯಬೆಲೆ ಅಂಗಡಿಯನ್ನು ಹಳಿಯಬೇಕಿಲ್ಲ. ಹಗೇವು ಮಾಡುತ್ತಿದ್ದ ಕೆಲಸವನ್ನು ಈಗ ಅಂಗಡಿ ಮಾಡಬೇಕು, ಮತ್ತು ಹಗೇವಿನಂತೆ ಕೆಲವರಿಗಷ್ಟೇ ಅಲ್ಲದೆ ಎಲ್ಲರಿಗೂ ಮಾಡಬೇಕು. ಅರಸೀಕೆರೆ ತಾಲ್ಲೂಕಿನ ರಾಗಿಯನ್ನು ಸುಗ್ಗಿಯ ತಿಂಗಳಲ್ಲೇ, ಸಣ್ಣ ರೈತರದನ್ನು ಮೊದಲು, ಸರ್ಕಾರ ಕೊಳ್ಳಲಿ. ಕೊಂಡದ್ದು ಇದೇ ತಾಲ್ಲೂಕಿನ ಪಡಿತರಕ್ಕೆ, ಹಾಸ್ಟೆಲಿಗೆ, ಶಾಲೆಗೆ ವರ್ಷದ ಹನ್ನೆರಡೂ ತಿಂಗಳು ಹೋಗಲಿ. ರಾಗಿಯ ಜತೆ ಇಲ್ಲೇ ಬೆಳೆಯುವ ಅವರೆ, ಹುರುಳಿ, ತೊಗರಿಯನ್ನೂ ಬೆಂಬಲ ಕೊಟ್ಟು ಕೊಂಡು ಅಂಗನವಾಡಿಗೆ ಮುಟ್ಟಿಸಲಿ. ಅಕ್ಕಡಿ ಸಾಲು ಹಾಕುವವನಿಗೆ ಶುಂಠಿ ಹಾಕುವವನಿಗಿಂತ ಕಡಿಮೆ ಸಾಲ, ಕಡಿಮೆ ವಿಮೆ ಸಿಗುವುದು ನಿಲ್ಲಲಿ. ಕೊಳವೆಬಾವಿಗೆ ಕೊಡುವ ಕರೆಂಟಿನಷ್ಟೇ ಗಮನ ಕೆರೆಯ ಹೂಳಿಗೂ ಸಿಗಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ತಳಿ ಇದೆ, ಅಂಗಡಿ ಇದೆ, ಅಡಿಗೆಯವರಿದ್ದಾರೆ, ಉಣ್ಣುವ ಮಕ್ಕಳಿದ್ದಾರೆ. ಅಮೆರಿಕದ ನುಚ್ಚಿನಿಂದ ಹೊಟ್ಟೆ ತುಂಬಿಸಿಕೊಂಡ ತಲೆಮಾರು ನಮ್ಮದು. ನಮ್ಮ ಮೊಮ್ಮಕ್ಕಳ ರಕ್ತದಲ್ಲಿ ಕಬ್ಬಿಣ ತುಂಬುವಷ್ಟು ಬೆಳೆ ನಮ್ಮ ಹೊಲದಲ್ಲಿದೆ. ಅದನ್ನು ಅವರ ತಟ್ಟೆಗೆ ತಲುಪಿಸುವುದು ನಮ್ಮ ಹೊಣೆ, ಈ ಸುಗ್ಗಿಯಿಂದಲೇ ಅದನ್ನು ಕೇಳಿ ಪಡೆಯಬೇಕು.